ನಿಕಾಲೋ ಜಟ್ಟೆಪ್ಪ

ಅಪ್ಪನ ಹಣೆಗೆ ಸುತ್ತಿದ ಬಿಳಿ ಬಟ್ಟೆಯ ತುದಿಯನ್ನು ಮಗ ಆಕಾಶ ಗೋಡೆಯ ಮೊಳೆಗೆ ಬಿಗಿಯುವಷ್ಟರಲ್ಲಿ ತಲೆ ಮತ್ತೆ ಎದೆಗೆ ಬಾಗಿತು. ಅವರ ಜಾತಿಯಲ್ಲಿ ಹೆಣವನ್ನು ಕೂರಿಸಿಯೇ ಮಣ್ಣು ಮಾಡುವುದು.

"ಗಟ್ಟಿ ಹಿಡಿಯೋ ಆಕಾಶ್ಯಾ," ಎಂದ ಹಮಾಲರ ಮೇಸ್ತ್ರಿ, ಮುಕಾದಮ ಮಾಪಣ್ಣ. ಆಮೇಲೆ ಚಾಳಿನ ಓಣಿಗೆಲ್ಲ ಕೇಳುವಂತೆ, "ಹತ್ತು ವರ್ಷ ರೇಡಿಯೋದಾಗ ಮಂದೀನ ನಿಕಾಲೋ ನಿಕಾಲೋ, ಹೊರಗ ಹಾಕ್ರಿ ಅಂದ. ಈಗ ನೋಡ್ರಿ, ಇವನ್ನ ನಿಕಾಲ್ ಮಾಡಾಕ ನಾಕ್ ಮಂದಿ ಬೇಕಾತು!"

ಯಾರೋ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಸತ್ಯಮ್ಮನ ಕೈ ನಿಂತಿತು. ಆಕಾಶನ ಹಲ್ಲು ಕಟಕಟ ಎಂದಿತು. ಆದರೆ ನಾಳೆ ಬೆಳಿಗ್ಗೆ ಎಂಟಕ್ಕೆ ಮುಂಬೈ ಹತ್ತಿರದ ಮಹಾಪೆಯ ಗೋದಾಮಿನಲ್ಲಿ ಇದೇ ಮಾಪಣ್ಣನ ಮುಂದೆ ನಿಂತು ಹಾಜರಿ ಹಾಕಿಸಬೇಕು. ಅವನು ಬಟ್ಟೆಗೆ ಇನ್ನೊಂದು ಗಂಟು ಹಾಕಿದ.

*

ದಿನವೂ ಬೆಳಿಗ್ಗೆ ಹತ್ತಕ್ಕೆ ಎಫ್‌ಎಂನಲ್ಲಿ ಕ್ರಿಕೆಟ್ ಚರ್ಚೆ. ಟೀಮಿನ ವಯಸ್ಸಾದ ಕೀಪರ್‌ನನ್ನು ಇಟ್ಟುಕೊಳ್ಳಬೇಕೋ, ತೆಗೆಯಬೇಕೋ? ಕೀಪರ್ ಹೋದ ಮೇಲೆ ಒಬ್ಬ ಸ್ಪಿನ್ನರ್, ಅವನು ಹೋದ ಮೇಲೆ ಒಬ್ಬ ಓಪನರ್. ಆಟಗಾರ ಬದಲಾಗುತ್ತಿದ್ದ, ಪ್ರಶ್ನೆ ಬದಲಾಗುತ್ತಿರಲಿಲ್ಲ. ಜಟ್ಟೆಪ್ಪ ಚಹಾದ ಬಿಡುವಿನಲ್ಲಿ ಲಾರಿಯ ನೆರಳಿಗೆ ಕೂತು, ಒಂದು ಕಿವಿಗೆ ಬೆರಳಿಟ್ಟು, ಫೋನಿನಲ್ಲಿ ವಿಜಯಪುರದ ಹಿಂದಿ ಕೂಗುತ್ತಿದ್ದ: "ಬುಡ್ಢೇ ಕೋ ನಿಕಾಲೋ! ಛೋಕ್ರಾ ಲೋಗ್ ಕೋ ಜಾಗಾ ದೇವೋ!"

ಕಾರ್ಯಕ್ರಮ ನಡೆಸುವ ತರುಣ್ ನಕ್ಕು ಸೀಟಿಯ ಸದ್ದು ಹಾಕುತ್ತಿದ್ದ. ಮೊದಮೊದಲು ಜಟ್ಟೆಪ್ಪನೇ ಫೋನ್ ಮಾಡುತ್ತಿದ್ದ. ಆಮೇಲೆ ರೇಡಿಯೋದವರೇ ಮಾಡತೊಡಗಿದರು, "ನಿಕಾಲೋ ಜಟ್ಟೆಪ್ಪ" ಎಂದು ಹೆಸರಿಟ್ಟರು. ಅಲ್ಲಿಯವರೆಗೆ ಈ ಊರಿನಲ್ಲಿ ಅವನ ಹೆಸರು ಕೇಳಿದವರು ಪೊಲೀಸರು ಮಾತ್ರ, ಅದೂ ಒಂದೇ ಸಲ.

ಐವತ್ತಾರನೆಯ ವಯಸ್ಸಿಗೆ ಸೊಂಟ ಹಿಡಿಯಿತು. ಮಾಪಣ್ಣ ಎಲ್ಲ ಹಮಾಲರ ಎದುರು ಹೇಳಿದ, "ಮುದುಕರನ್ನ ತೆಗೀರಿ, ಹುಡುಗರಿಗೆ ಜಾಗಾ ಕೊಡ್ರಿ ಅಂತ ದಿನಾ ನೀನೇ ಒದರ್ತಿಯಲ್ಲೋ ಜಟ್ಟೆಪ್ಪ. ನಿನ್ನ ಮಾತೇ ನಡಸ್ತೀನಿ. ನಾಳೆಯಿಂದ ನಿನ್ನ ಮಗನ್ನ ಕಳಸು."

ಹತ್ತನೆಯ ತರಗತಿಯ ಪುಸ್ತಕಗಳಿಗೆ ರಟ್ಟು ಹಾಕಿ ಮುಗಿಸಿದ್ದ ಆಕಾಶ ಮರುದಿನ ಚೀಲ ಹೊತ್ತ.

ಅವತ್ತು ಹತ್ತಕ್ಕೆ ರೇಡಿಯೋದವರ ಫೋನ್ ಬಂದಾಗ ಜಟ್ಟೆಪ್ಪ ಮನೆಯ ಹೊಸ್ತಿಲ ಮೇಲಿದ್ದ. ಮೊದಲ ಸಲ ಕೂಗದೆ, ತನ್ನ ಹಿಂದಿಯಲ್ಲಿ ಮೆಲ್ಲಗೆ ಹೇಳಿದ. ಇರಲಿ ಬಿಡ್ರಿ ಸಾಬ್, ಓಪನರ್‌ನ ತೆಗೀಬ್ಯಾಡ್ರಿ, ಇನ್ನೂ ಆಡ್ತಾನ.

"ಅರೇ, ಯಾರಿದು? ನಮ್ಮ ಜಟ್ಟೆಪ್ಪನ್ನ ಕೊಡ್ರಪ್ಪ!" ಎಂದ ತರುಣ್. ಸೀಟಿ ಊದಿತು. ಲೈನ್ ಕಟ್ಟಾಯಿತು.

ಹನ್ನೊಂದು ದಿನ ರೇಡಿಯೋದಿಂದ ಫೋನ್ ಬರಲಿಲ್ಲ. ಹನ್ನೆರಡನೆಯ ದಿನ ಜಟ್ಟೆಪ್ಪ ತಾನೇ ಮಾಡಿದ, ಗಂಟಲು ಹರಿಯುವ ಹಾಗೆ "ನಿಕಾಲೋ!" ಎಂದ.

"ಯಾರನ್ನ ತೆಗೀ ಅಂತೀ?" ಸತ್ಯಮ್ಮ ರೊಟ್ಟಿ ಬಡಿಯುತ್ತಲೇ ಕೇಳಿದಳು. "ಅವರು ತೆಗದದ್ದು ನಿನ್ನ."

"ಸುಮ್ಮಿರಲೇ. ನನ್ನ ಹೆಸರು ಅಲ್ಲೊಂದೇ ಕಡೆ ಉಳದದ."

*

ಅಪ್ಪನ ಫೋನ್ ಈಗ ಆಕಾಶನ ಕಿಸೆಯಲ್ಲಿತ್ತು. ಹತ್ತಕ್ಕೆ ಸರಿಯಾಗಿ ಹೊಡೆದುಕೊಂಡಿತು.

"ನಮಸ್ಕಾರ್ ನಿಕಾಲೋ ಜಟ್ಟೆಪ್ಪ!"

"ಪಪ್ಪಾ ಗುಜರ್ ಗಯೇ," ಎಂದ ಆಕಾಶ. "ಆಜ್ ಸುಬಹ್."

ಒಂದು ಜಾಹೀರಾತು ಮುಗಿಯುವಷ್ಟು ಹೊತ್ತಿನ ಮೇಲೆ ತರುಣ್ ದನಿ ಇಳಿಸಿಕೊಂಡು ಮರಳಿದ. ಬಹಳ ದುಃಖವಾಯಿತು ಎಂದ. ಎರಡು ನಿಮಿಷಕ್ಕೆ ಲೈವ್, ಮಗನೇ ಮಾತಾಡಬೇಕು, ಪಪ್ಪಾನ ಸ್ಟೈಲಿನಲ್ಲಿ ಒಂದೇ ಒಂದು ಸಲ "ನಿಕಾಲೋ" ಅಂದರೆ ಸಾಕು ಎಂದ. "ನಾಳೆಯಿಂದ ಪಪ್ಪಾನ ಜಾಗ ನಿನ್ನದೇ."

ಮಾಪಣ್ಣ ಫೋನಿಗೆ ಕೈ ಚಾಚಿ ಸ್ಪೀಕರ್ ಒತ್ತಿದ. ಪಕ್ಕದ ಮನೆಯ ರೇಡಿಯೋ ಹೊರಗೆ ಬಂತು. ಸಾವಿಗೆ ಬಂದವರು ಹತ್ತಿರ ಸರಿದು ಕೂತರು.

"ಹೇಳೋ ಆಕಾಶ್ಯಾ, ಇಡೀ ಮುಂಬೈ ಕೇಳ್ತದ!"

ಸತ್ಯಮ್ಮ ಮಗನ ಅಂಗಿ ಜಗ್ಗಿದಳು. "ಅವತ್ತ ನಿಮ್ಮಪ್ಪ ಇರಲಿ ಬಿಡ್ರಿ ಅಂದಿದ್ನಲ್ಲ, ಅದನ್ನ ಹೇಳಪಾ. ಅದೊಂದು ಮಾತು ಯಾರೂ ಕೇಳಲಿಲ್ಲ."

"ನನಗೆ ಬೇರೆ ಮಾತು ಹೇಳೋದದ," ಎಂದು ಆಕಾಶ ಹಿಂದಿಯಲ್ಲಿ ಫೋನಿಗೆ ಹೇಳಿದ. "ಅಪ್ಪ ಹೇಳಬೇಕೆಂದಿದ್ದು."

"ಬೇರೆ ಬೇಡ ಭಾಯ್, ಜನ ಕನ್‌ಫ್ಯೂಸ್ ಆಗ್ತಾರೆ. ಒಂದೇ ಶಬ್ದ. ರೆಡಿ?"

ಸೀಟಿ ಊದಿತು. ತರುಣ್‌ನ ದನಿ ತಟ್ಟನೆ ಮೇಲೆದ್ದು, ಇಡಬೇಕೋ ತೆಗೆಯಬೇಕೋ ಎಂಬ ಅದೇ ಪ್ರಶ್ನೆ ಕೇಳಿತು. "ಬೋಲ್ ಬೇಟಾ, ರಖೇಂ ಯಾ ನಿಕಾಲೇಂ?" ಫೋನಿನಲ್ಲಿ ಕೇಳಿದ್ದೇ ಒಂದು ಗಳಿಗೆ ತಡೆದು ರೇಡಿಯೋದಲ್ಲೂ ಕೇಳಿತು.

ಮಾಪಣ್ಣ ತುಟಿಯಲ್ಲೇ "ನಿಕಾಲೋ" ಎಂದು ಹೇಳಿಕೊಡುತ್ತಿದ್ದ.

ಆಕಾಶ ಬಗ್ಗಿ, ಫೋನನ್ನು ಅಪ್ಪನ ಮಡಿಲಲ್ಲಿ ಎರಡು ಅಂಗೈಗಳ ನಡುವೆ ಇಟ್ಟ. ಎದ್ದು, ಮಾಪಣ್ಣನ ಮುಂದೆಯೇ ಹಾಯ್ದು ಓಣಿಗುಂಟ ನಡೆದ.

"ಹಲೋ? ಆವಾಜ್ ಆ ರಹೀ ಹೈ?" ಫೋನು ಕೇಳಿತು. ರೇಡಿಯೋ ಕೇಳಿತು. ಕೂತವರೆಲ್ಲ ಜಟ್ಟೆಪ್ಪನ ಬಾಯಿಯನ್ನೇ ನೋಡುತ್ತಿದ್ದರು.