ಬೆಕ್ಕಿಗಿಲ್ಲದ ಮೈಲಿಗೆ

ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ಅತ್ತೆಯವರನ್ನು ಮುಟ್ಟುವ ಅಧಿಕಾರ ಇರುವುದು ಒಂದೇ ಒಂದು ಪ್ರಾಣಿಗೆ. ಅದರ ಹೆಸರು ಶೇಂಗಾ. ಮಣಿಕೊಂಡದ ಈ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಯಾರದೋ ಕಾರಿನ ಕೆಳಗೆ ಒದರುತ್ತ ಕೂತಿದ್ದ ಮರಿಯನ್ನು ನನ್ನ ಮಗ ನಚಿಕೇತ ಸ್ಕೂಲ್ ಬ್ಯಾಗಿನಲ್ಲಿ ಹಾಕಿಕೊಂಡು ಬಂದ. ಹುರಿದ ಶೇಂಗಾದ ಬಣ್ಣ, ಅದಕ್ಕೇ ಆ ಹೆಸರು. ಹಾಲು ಕುಡಿದು ಹೋಗಲಿ ಎಂದೆ. ಹಾಲು ಕುಡಿಯಿತು, ಹೋಗಲಿಲ್ಲ. ಈಗ ಸೋಫಾದ ಮೂಲೆಯಲ್ಲಿ ಅದು ಮಲಗಿದ್ದರೆ ನಾವು ಈ ಕಡೆ ಸರಿದು ಕೂಡುತ್ತೇವೆ.

ನಮ್ಮ ಅತ್ತೆ ಗಂಗೂಬಾಯಿಯವರದು ಮಡಿ. ಎದ್ದವರೇ ಸ್ನಾನ ಮಾಡಿ, ಬಾಲ್ಕನಿಯ ಗಳದ ಮೇಲೆ ಹಿಂದಿನ ದಿನ ಒಣಹಾಕಿದ ಸೀರೆಯನ್ನು ಕೋಲಿನಿಂದ ಇಳಿಸಿಕೊಂಡು ಉಟ್ಟು ಅಡುಗೆಮನೆ ಸೇರಿದರೆಂದರೆ, ದೇವರ ನೈವೇದ್ಯವಾಗಿ ಅವರ ಊಟ ಮುಗಿಯುವ ತನಕ ಯಾರೂ ಅವರನ್ನು ಮುಟ್ಟುವಂತಿಲ್ಲ. ನನಗೆ ಕಾಫಿ ಬೇಕೆಂದರೆ ಹೊಸ್ತಿಲ ಆಚೆ ನಿಲ್ಲಬೇಕು. ಅವರು ಲೋಟವನ್ನು ನೆಲಕ್ಕಿಟ್ಟು ಹಿಂದೆ ಸರಿದ ಮೇಲೆ ನಾನು ಬಗ್ಗಿ ಎತ್ತಿಕೊಳ್ಳಬೇಕು. ಎಂ.ಟೆಕ್ ಮಾಡಿದ್ದೇನೆ, ಆಫೀಸಿನಲ್ಲಿ ಎಂಟು ಮಂದಿ ನನ್ನ ಕೈಕೆಳಗೆ ಇದ್ದಾರೆ. ಆದರೂ ಬಗ್ಗುತ್ತೇನೆ. ಯಾಕೆಂದರೆ ಕಾಫಿ ಭಾಳ ಚೆನ್ನಾಗಿರುತ್ತದೆ.

ಶೇಂಗಾಗೆ ಈ ಯಾವ ತಾಪತ್ರಯವೂ ಇಲ್ಲ. ಬಾಲ ಎತ್ತಿಕೊಂಡು ನೇರ ಒಳಗೆ ಹೋಗುತ್ತದೆ. ಅತ್ತೆಯವರ ಕಾಲಿಗೆ ಬೆನ್ನು ತಿಕ್ಕುತ್ತದೆ. ಮೊದಲ ದಿನ ಅದನ್ನು ನೋಡಿ, ಆಯಿತು, ಇವತ್ತು ಎರಡನೆಯ ಸ್ನಾನ ಎಂದುಕೊಂಡೆ. ಅತ್ತೆ ನಿಶ್ಚಿಂತೆಯಾಗಿ ಹುಳಿ ತಿರುವುತ್ತಿದ್ದರು.

"ಅತ್ಯಾ, ಅದು ಮುಟ್ಟಿತಲ್ಲ?" ಎಂದೆ.

"ಬೆಕ್ಕಿಗೆ ಮೈಲಿಗಿ ಇಲ್ಲ, ದೀಪ್ತಿ. ಶಾಸ್ತ್ರದಾಗ ಅದ."

ಯಾವ ಶಾಸ್ತ್ರ ಎಂದು ಕೇಳಬಹುದಿತ್ತು. ಆದರೆ ಅತ್ತೆಯವರ ಬಳಿ ಪ್ರತಿಯೊಂದು ಪ್ರಶ್ನೆಗೂ ಒಬ್ಬ ಆಚಾರ್ಯರು ಇರುತ್ತಾರೆ. ಹೊಸ್ತಿಲ ಈಚೆ ನನ್ನ ಪಕ್ಕದಲ್ಲಿ ನಿಂತು ಈ ಮಾತನ್ನು ಇನ್ನೊಬ್ಬಳೂ ಕೇಳಿಸಿಕೊಂಡಳು. ನನ್ನ ಮಗಳು ಭಕ್ತಿ, ನಾಲ್ಕು ವರ್ಷದವಳು.

ಇಲ್ಲಿ ಒಂದು ಮಾತು ಹೇಳಬೇಕು. ಅತ್ತೆ ಮೊದಲಿನಿಂದ ಹೀಗಿರಲಿಲ್ಲ. ಮಾವನವರು, ಜಯತೀರ್ಥರಾಯರು, ಕಾಚಿಗೂಡದಲ್ಲಿ ರೈಲ್ವೆ ನೌಕರಿ ಮುಗಿಸಿದವರು. ಅವರಿದ್ದಾಗ ಹಬ್ಬ ಹುಣ್ಣಿಮೆಗೆ ಮಡಿ, ಉಳಿದ ದಿನ ಸಾದಾ ಸ್ನಾನ. ಭಕ್ತಿ ಕಣ್ಣು ಉಜ್ಜಿಕೊಳ್ಳುತ್ತ ಎದ್ದು ಬಂದು ಅಜ್ಜಿಯ ಸೀರೆಗೆ ಜೋತುಬೀಳುತ್ತಿದ್ದಳು. ಅತ್ತೆ ಅವಳನ್ನು ಒಂದು ಕೈಯಲ್ಲಿ ಸೊಂಟಕ್ಕೆ ಹಾಕಿಕೊಂಡು ಇನ್ನೊಂದು ಕೈಯಲ್ಲಿ ಒಗ್ಗರಣೆ ಹಾಕುತ್ತಿದ್ದರು. ಆ ಸೊಂಟದ ಮೇಲೆ ಸ್ವಲ್ಪ ಹೊತ್ತು ಕೂತರೆ ಮಾತ್ರ ಆ ಹುಡುಗಿಗೆ ಬೆಳಗಾಗುತ್ತಿತ್ತು. ಹೋದ ವರ್ಷ ಮಾರ್ಗಶಿರದಲ್ಲಿ ಮಾವನವರು ತೀರಿಕೊಂಡರು. ಸೂತಕ ಕಳೆದ ಮೇಲೆ ಅತ್ತೆ ಮಡಿ ಹಿಡಿದರು. ಅತ್ತರೋ ಇಲ್ಲವೋ ನನಗೆ ಗೊತ್ತಿಲ್ಲ. ಮಡಿ ಉಟ್ಟವರನ್ನು ಯಾರೂ ಹತ್ತಿರ ಹೋಗಿ ನೋಡುವಂತಿರಲಿಲ್ಲ.

ಭಕ್ತಿಗೆ ಒಂದೇ ಸಲಕ್ಕೆ ಅಜ್ಜನೂ ಹೋದ, ಬೆಳಗಿನ ಅಜ್ಜಿಯೂ ಹೋದಳು. ಮಧ್ಯಾಹ್ನದ ಅಜ್ಜಿ ಸಿಗುತ್ತಿದ್ದಳು, ಜಡೆ ಹಾಕುತ್ತಿದ್ದಳು, ಕಥೆ ಹೇಳುತ್ತಿದ್ದಳು. ಇವಳಿಗೆ ಬೇಕಾಗಿದ್ದು ಬೆಳಗಿನವಳು. ನಾನು ಎತ್ತಿಕೊಳ್ಳಲು ಹೋದರೆ ಮೈ ಕೊಡವಿಕೊಂಡು ಇಳಿಯುತ್ತಿದ್ದಳು. ನನ್ನ ಸೊಂಟದಲ್ಲಿ ಏನು ಕೊರತೆಯೋ ದೇವರಿಗೇ ಗೊತ್ತು. ಹೊಟ್ಟೆ ಉರಿಯಿತು ಎಂದರೆ ಸುಳ್ಳಲ್ಲ.

ಶೇಂಗಾ ಬಂದ ವಾರದಲ್ಲಿ ಭಕ್ತಿ ಬೆಕ್ಕಾದಳು.

ಮೊದಲು ಆಟ ಅಂದುಕೊಂಡೆವು. ಮಂಚದಿಂದ ನಾಲ್ಕು ಕಾಲಲ್ಲಿ ಇಳಿದಳು. ಹಲ್ಲುಜ್ಜು ಎಂದರೆ ಮ್ಯಾಂವ್. ಹಾಲನ್ನು ತಾಟಿನಲ್ಲಿ ಹಾಕಿ ನೆಲದ ಮೇಲಿಟ್ಟರೆ ಮಾತ್ರ ಕುಡಿಯುತ್ತಿದ್ದಳು, ಅದೂ ನಾಲಿಗೆಯಿಂದ. ನಚಿಕೇತ ಭಾಳ ಖುಷಿಯಿಂದ ಅವಳಿಗೆ ತರಬೇತಿ ಕೊಟ್ಟ. ಶೇಂಗಾ ಒದರಿದ ಕೂಡಲೆ ಇವಳೂ ಒದರಬೇಕು, ಅವನು ಕಣ್ಣು ಮುಚ್ಚಿಕೊಂಡು ಯಾವುದು ಯಾರದು ಹೇಳಬೇಕು. ಕೆಲವೇ ದಿನದಲ್ಲಿ ಅವನು ಸೋಲತೊಡಗಿದ. ಅಜ್ಜಿಯ ಊಟ ಮುಗಿದದ್ದೇ ತಡ, ಹುಡುಗಿ ಎದ್ದು ಎರಡು ಕಾಲ ಮೇಲೆ ನಿಂತು, "ಅಜ್ಜಿ, ಕಥಿ ಹೇಳು" ಎಂದು ಚೆನ್ನಾಗಿ ಕನ್ನಡದಲ್ಲಿ ಮಾತಾಡುತ್ತಿದ್ದಳು. ಅಂದರೆ ಬೆಕ್ಕು ಮಡಿ ಹೊತ್ತಿನದು ಮಾತ್ರ. ಇಷ್ಟು ಸರಳವಾದದ್ದು ನಮಗೆ ಅರ್ಥವಾಗಲಿಲ್ಲ. ನನ್ನ ಗಂಡ ಅಕ್ಷಯ ಫೋನಿನಲ್ಲಿ ಹುಡುಕಿ, ಮಕ್ಕಳು ಹೀಗೆ ಮಾಡುವುದು ಸಹಜ ಎಂದು ಓದಿ ಹೇಳಿದರು. ಎಲ್‌ಕೆಜಿ ಟೀಚರು ಮಾತ್ರ ಸಹಜ ಅನ್ನಲಿಲ್ಲ. ಹಾಜರಿ ಕೂಗಿದರೆ ಮ್ಯಾಂವ್ ಅನ್ನುತ್ತಾಳಂತೆ, ಅದನ್ನು ಕೇಳಿ ಇಡೀ ಕ್ಲಾಸು ಪ್ರಾಣಿಸಂಗ್ರಹಾಲಯ ಆಗುತ್ತದಂತೆ.

ಒಂದು ಭಾನುವಾರ ವಿಷಯ ಹೊರಬಿತ್ತು. ಭಕ್ತಿ ತೆವಳಿಕೊಂಡು ಅಡುಗೆಮನೆಯ ಹೊಸ್ತಿಲು ದಾಟಿದಳು. ಶೇಂಗಾದ ಹಿಂದೆಯೇ ಹೋಗಿ ಅಜ್ಜಿಯ ಕಾಲಿಗೆ ಬೆನ್ನು ತಿಕ್ಕಲು ಇನ್ನು ಗೇಣು ದೂರ. ಅತ್ತೆ ಚಮಚ ಎತ್ತಿ ಹಿಂದೆ ಹಾರಿದರು.

"ಏಯ್, ಮುಟ್ಟಬ್ಯಾಡ. ಮಡಿ ಒಳಗಿದ್ದೀನಿ. ದೀಪ್ತಿ, ಇಕಿನ್ನ ಹಿಡಕೊ."

"ಮ್ಯಾಂವ್" ಎಂದಳು ಭಕ್ತಿ, ಅಜ್ಜಿಯ ಮುಖವನ್ನೇ ನೋಡುತ್ತ.

"ಮ್ಯಾಂವ್ ಅಂದ್ರ ಬೆಕ್ಕು ಆಗ್ತೀಯೇನು? ನಡಿ ಹೊರಗ."

ನಾನು ಎಳೆದುಕೊಂಡು ಬಂದೆ. ಶೇಂಗಾ ಅಲ್ಲೇ ಅತ್ತೆಯವರ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಭಕ್ತಿ ಅಳಲಿಲ್ಲ. ತನ್ನ ಬೆಕ್ಕುತನದಲ್ಲೇ ಏನೋ ಕಮ್ಮಿ ಇದೆ ಎಂದುಕೊಂಡಳೆಂದು ಕಾಣುತ್ತದೆ. ಅಂದಿನಿಂದ ಇನ್ನೂ ಜೋರಾಗಿ ಅಭ್ಯಾಸ ಮಾಡಿದಳು. ನನಗೆ ಅತ್ತೆಯವರ ಮೇಲೆ ಸಿಟ್ಟು ಬಂತು. ಪಾರ್ಕಿಂಗಿನ ಬೆಕ್ಕಿಗೆ ಇರುವ ಮರ್ಯಾದೆ ನನ್ನ ಮಗಳಿಗೆ ಇಲ್ಲವೇ ಎಂದು ಅಕ್ಷಯರ ಮುಂದೆ ಹಾರಾಡಿದೆ. "ನಮ್ಮಮ್ಮಗ ನೀನೇ ಹೇಳು" ಎಂದರು. ಅವರ ಅಮ್ಮನಿಗೆ ಹೇಳಬೇಕಾದ್ದನ್ನೆಲ್ಲ ನಾನೇ ಹೇಳಬೇಕೆಂದು ನಮ್ಮ ಮದುವೆಯ ದಿನವೇ ತೀರ್ಮಾನವಾದ ಹಾಗಿದೆ. ನಾನೂ ಹೇಳಲಿಲ್ಲ. ಮಾವನವರ ವರ್ಷದ ಶ್ರಾದ್ಧ ಹತ್ತಿರ ಬಂದಿತ್ತು. ಅತ್ತೆ ಆಗಲೇ ಸಣ್ಣಗಾಗಿದ್ದರು.

ಶ್ರಾದ್ಧದ ಮಡಿ ಅಂದರೆ ಮಡಿಯ ಅಪ್ಪ. ಕಾಚಿಗೂಡದಿಂದ ಗೋಪಿನಾಥಾಚಾರ್ಯರು ಇನ್ನೊಬ್ಬ ಬ್ರಾಹ್ಮಣರನ್ನು ಕರೆದುಕೊಂಡು ಬಂದರು. ಬಂದವರೇ ಸೋಫಾದ ಮೇಲಿದ್ದ ಶೇಂಗಾವನ್ನು ನೋಡಿದರು.

"ಇದನ್ನ ಎಲ್ಲ್ಯಾರ ಹಾಕಿ ಚಿಲಕ ಹಾಕ್ರಿ. ಶ್ರಾದ್ಧದ ದಿನ ಬೆಕ್ಕು ಕಣ್ಣಿಗೆ ಬೀಳಬಾರದು."

ಅತ್ತೆ ಅಡುಗೆಮನೆಯಿಂದಲೇ, "ಹೌದ್ರಿ, ಇವತ್ತ ಅದಕ್ಕೂ ರಿಯಾಯಿತಿ ಇಲ್ಲ" ಎಂದರು. ಅಕ್ಷಯ ಒದ್ದೆ ಪಂಚೆಯಲ್ಲಿ ನಿಂತಿದ್ದರು, ಕೈಯಲ್ಲಿ ದರ್ಭೆ. ನಾನು ಶೇಂಗಾವನ್ನು ಎತ್ತಿ ಒಳಗಿನ ಕೋಣೆಯ ಮಂಚದ ಮೇಲೆ ಬಿಟ್ಟು ಬಂದೆ, ಚಿಲಕ ಹಾಕಿದೆ. ಮಕ್ಕಳಿಬ್ಬರನ್ನೂ ಎದುರು ಮನೆಯ ಹರ್ಷದಾ ತಮ್ಮ ಮನೆಗೆ ಕಳಿಸಿ ಎಂದಿದ್ದರು. ನಚಿಕೇತನಿಗೆ, ತಂಗಿಯನ್ನು ಕರೆದುಕೊಂಡು ಹೋಗು ಎಂದೆ. ಹೂಂ ಅಂದ. ಅವನ ಹೂಂ ಎಂತಹುದೆಂದು ಗೊತ್ತಿದ್ದೂ ನಂಬಿದೆ.

ಬೆಕ್ಕನ್ನು ಒಳಗೆ ಹಾಕಿ ಎಂದು ಆಚಾರ್ಯರು ಹೇಳಿದ್ದನ್ನು ಭಕ್ತಿ ಕೇಳಿದ್ದಳು. ಅವಳ ಪ್ರಕಾರ ಮನೆಯಲ್ಲಿ ಬೆಕ್ಕುಗಳು ಎರಡು. ನಾನು ಶೇಂಗಾವನ್ನು ಎತ್ತಿಕೊಂಡು ಕೋಣೆಗೆ ಹೋದಾಗ ಅವಳು ನನ್ನ ಹಿಂದೆಯೇ ನಾಲ್ಕು ಕಾಲಲ್ಲಿ ಬಂದು ಮಂಚದ ಕೆಳಗೆ ಸೇರಿದ್ದಳು. ನಾನು ನೋಡಲಿಲ್ಲ. ನಚಿಕೇತ ಎದುರು ಮನೆಯಲ್ಲಿ ಟಿವಿಯ ಮುಂದೆ ಕೂತಿದ್ದ, ಹರ್ಷದಾ ಭಕ್ತಿ ಅಮ್ಮನ ಹತ್ತಿರವೇ ಇದ್ದಾಳೆ ಅಂದುಕೊಂಡರು, ನಾನು ಅವಳು ಹರ್ಷದಾರ ಹತ್ತಿರ ಇದ್ದಾಳೆ ಅಂದುಕೊಂಡೆ.

ಹೊರಗೆ ಮಂತ್ರ ಶುರುವಾಯಿತು, ಒಳಗೆ ಬೆಕ್ಕು ಶುರುವಾಯಿತು. ಒಂದು ಒದರು, ಅದಕ್ಕೆ ಇನ್ನೊಂದು ಒದರು. ಪಿಂಡಕ್ಕೆ ಎಳ್ಳು ಬಿಡುವಾಗ ಆಚಾರ್ಯರು ಹುಬ್ಬು ಗಂಟಿಕ್ಕಿ ಆ ಕಡೆ ನೋಡಿದರು. ನಾನು ಹೋಗಿ ಬಾಗಿಲಿಗೆ ಗುದ್ದಿ, "ಸುಮ್ಮನಿರು, ದರಿದ್ರದ್ದೆ" ಎಂದು ಗದರಿದೆ. ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಸಣ್ಣ ದನಿಯಲ್ಲಿ ಮತ್ತೆ. ಗದರಿದ್ದು ಯಾರಿಗೆ ಎಂದು ಆಗ ಗೊತ್ತಿದ್ದಿದ್ದರೆ ಆ ನಾಲಿಗೆಯನ್ನು ಕಚ್ಚಿಕೊಳ್ಳುತ್ತಿದ್ದೆ.

ಎಲೆ ಹಾಕುವ ಹೊತ್ತಾಯಿತು. ಬ್ರಾಹ್ಮಣರು ಕೂತರು. ಬಡಿಸುವವರು ಅತ್ತೆಯೇ. ಪಾಯಸ ಆಗಿತ್ತು, ಹಾಗಲಕಾಯಿ ಆಗಿತ್ತು, ವಡೆಯ ಕೊನೆಯ ಸುತ್ತು ಎಣ್ಣೆಯಲ್ಲಿತ್ತು. ಅತ್ತೆ ಜಾಲರಿ ಹಿಡಿದು ನಿಂತವರು ತಟ್ಟನೆ ಗ್ಯಾಸು ಆರಿಸಿದರು.

"ದೀಪ್ತಿ, ಭಕ್ತಿ ಎಲ್ಲಿದ್ದಾಳ?"

"ಹರ್ಷದಾರ ಮನ್ಯಾಗ ಇದ್ದಾಳ್ರಿ, ಅತ್ಯಾ."

"ಇಲ್ಲ. ಆ ಒಳಗ ಒದರಲಿಕ್ಕತ್ತದಲ್ಲ, ಅದರಾಗ ಒಂದು ಬೆಕ್ಕಲ್ಲ."

ನಾನು ಕಿವಿಗೊಟ್ಟೆ. ನನಗೆ ಎರಡೂ ಬೆಕ್ಕೇ. ಹೆತ್ತವಳು ನಾನು. ದಿನಾ ಬೆಳಿಗ್ಗೆ ಅವಳನ್ನು ದೂರ ಇಟ್ಟವರು ಅವರು. ಅವರಿಗೆ ಗೊತ್ತಾಯಿತು.

ನಾನು ಹೊರಡುವುದರೊಳಗೆ ಅವರೇ ಹೊರಟಿದ್ದರು. ಕೂತ ಬ್ರಾಹ್ಮಣರ ಪಕ್ಕದಿಂದ, ಪಿಂಡದ ಪಕ್ಕದಿಂದ, ನಮ್ಮೆಲ್ಲರ ಮೈಲಿಗೆಯ ಕೋಣೆಯ ಕಡೆಗೆ. ಆಚಾರ್ಯರು, "ಗಂಗೂಬಾಯಾರ, ಮಡಿ" ಎಂದರು. ಅತ್ತೆ ಬರಿಗೈಯಿಂದ ಚಿಲಕ ತೆಗೆದರು.

ಶೇಂಗಾ ಬಾಣದ ಹಾಗೆ ಹೊರಗೆ ಓಡಿತು. ಭಕ್ತಿ ಬಾಗಿಲ ಹಿಂದೆಯೇ ನೆಲದ ಮೇಲೆ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು, ಫ್ರಾಕು ಒದ್ದೆಯಾಗಿತ್ತು. ಆದರೂ ಅಜ್ಜಿಯನ್ನು ಕಂಡು ಅವಳು ಮಾಡಿದ್ದೇನೆಂದರೆ, ಹಿಂದೆ ಹಿಂದೆ ಸರಿದು ಮೆಲ್ಲಗೆ, "ಮ್ಯಾಂವ್" ಅಂದಳು. ತಾನು ಬೆಕ್ಕು, ಮುಟ್ಟಿದರೂ ಅಡ್ಡಿ ಇಲ್ಲ ಎಂದು ಕೊನೆಯ ಸಲ ಹೇಳಿ ನೋಡುತ್ತಿದ್ದಳು.

ಅತ್ತೆ ನೆಲಕ್ಕೆ ಕೂತರು. ಮೊಣಕಾಲು ಬಗ್ಗದವರು ಹೇಗೆ ಕೂತರೋ. ಒದ್ದೆ ಫ್ರಾಕಿನ ಸಮೇತ ಅವಳನ್ನು ಎಳೆದು ಎದೆಗೆ ಹಾಕಿಕೊಂಡರು.

"ನೀ ಬೆಕ್ಕಲ್ಲವಾ."

ಭಕ್ತಿ ಬೆಚ್ಚಿಬಿದ್ದಳು. "ಹಂಗಾರ ನಿನಗ ಮೈಲಿಗಿ ಆತು."

"ಆತು."

"ಈಗ ಬೈತಿ ನೀನು."

"ಇಲ್ಲ. ಕೇಳಿಲ್ಲೆ. ಬೆಕ್ಕು ಮುಟ್ಟಿದ್ರ ನಾ ಕೈ ಸುದ್ಧಾ ತೊಳಕೊಳ್ಳೂದಿಲ್ಲ. ಅದು ಯಾರೋ ಏನೋ. ನೀ ಮುಟ್ಟಿದ್ರ ನಾ ತಲಿ ಮ್ಯಾಲಿಂದ ನೀರು ಹಾಕ್ಕೋತೀನಿ. ನೀ ನಮ್ಮಾಕಿ. ತಿಳೀತಾ?"

ಇದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ಭಕ್ತಿಗೂ ಪೂರ್ತಿ ತಿಳಿಯಲಿಲ್ಲ ಎಂದು ಕಾಣುತ್ತದೆ. "ನನ್ನ ಸಲುವಾಗಿ ಸ್ನಾನ ಮಾಡ್ತಿ?" ಎಂದು ಕೇಳಿದಳು.

"ಮಾಡ್ತೀನಿ. ಇನ್ನೊಂದು ಸ್ವಲ್ಪ ಕೂಡೂಣು."

ಕೂತರು. ಬ್ರಾಹ್ಮಣರು ಬರಿಯ ಎಲೆಯ ಮುಂದೆ ಕೂತಿದ್ದರು. ಅಕ್ಷಯ ದರ್ಭೆ ಹಿಡಿದುಕೊಂಡು ನಿಂತಿದ್ದರು, ಅಪ್ಪನ ಪಿಂಡದ ಮುಂದೆ ಏನು ಮಾಡಬೇಕೋ ತೋಚದೆ. ಅತ್ತೆ ಮೊಮ್ಮಗಳ ನೆತ್ತಿಯ ಮೇಲೆ ಮುಖ ಇಟ್ಟುಕೊಂಡು ಅಲುಗಾಡಲಿಲ್ಲ. ಆಮೇಲೆ ಅವರ ಬೆನ್ನು ನಡುಗತೊಡಗಿತು. ಈ ಒಂದು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ. ಆಚಾರ್ಯರು ಬೇರೆ ಕಡೆ ಮುಖ ಮಾಡಿಕೊಂಡು, "ಸಾವಕಾಶ ಆಗ್ಲಿ. ಹೊತ್ತು ಇನ್ನೂ ಅದ" ಎಂದರು.

ಅತ್ತೆ ಸ್ನಾನಕ್ಕೆ ಹೋದರು. ಮಡಿಯಲ್ಲಿ ಒಣಗಿದ್ದದ್ದು ಒಂದೇ ಸೀರೆ, ಅದು ಮೈಲಿಗೆಯಾಗಿತ್ತು. ಅದನ್ನೇ ನೀರಿನಲ್ಲಿ ಅದ್ದಿ ಹಿಂಡಿ ಒದ್ದೆಯಲ್ಲೇ ಉಟ್ಟುಕೊಂಡು ಹೊರಗೆ ಬಂದರು. ಮಾರ್ಗಶಿರದ ಥಂಡಿ. ಅವರಿಗೆ ಮೊದಲೇ ದಮ್ಮು. ಹಲ್ಲು ಕಟಕಟ ಅನ್ನುತ್ತಿತ್ತು, ಹೆಜ್ಜೆ ಹೆಜ್ಜೆಗೂ ನೀರು ಸೋರುತ್ತಿತ್ತು.

ಭಕ್ತಿ ಬಚ್ಚಲಮನೆಯ ಬಾಗಿಲಲ್ಲಿ ಎರಡು ಕಾಲ ಮೇಲೆ ನಿಂತು ಕಾಯುತ್ತಿದ್ದಳು. ಓಡಿ ಹೋಗಿ ಅಪ್ಪಿಕೊಳ್ಳುತ್ತಾಳೆ, ಇನ್ನು ಮೂರನೆಯ ಸ್ನಾನ ಎಂದು ನಾನು ಕೈ ಚಾಚಿದೆ. ಅವಳು ಹಾಗೇನೂ ಮಾಡಲಿಲ್ಲ. ಅಜ್ಜಿ ಬರುವುದನ್ನು ನೋಡಿ ಗೋಡೆಗೆ ಬೆನ್ನು ಒತ್ತಿ ನಿಂತಳು. ಫ್ರಾಕಿನ ಅಂಚು ಎಲ್ಲಿ ತಾಕೀತೋ ಎಂದು ಎರಡೂ ಕೈಯಿಂದ ಒಳಕ್ಕೆ ಎಳೆದು ಹಿಡಿದುಕೊಂಡಳು. ಹೊಟ್ಟೆಯನ್ನೂ ಒಳಕ್ಕೆಳೆದುಕೊಂಡಳು. ಅತ್ತೆ ಅವಳನ್ನು ದಾಟಿ ಅಡುಗೆಮನೆಗೆ ಹೋದರು.

ಆಮೇಲೆ ಭಕ್ತಿ ನನ್ನ ಕಡೆ ತಿರುಗಿದಳು. ವಡೆಯ ಹೊಗೆ ಹೋಗಲೆಂದು ನಡುಮನೆಯ ಫ್ಯಾನು ಹಾಕಿದ್ದೆವು, ಅದರ ಕೆಳಗೆಯೇ ಬ್ರಾಹ್ಮಣರು ಕೂತಿದ್ದರು.

"ಅಮ್ಮಾ, ಫ್ಯಾನ್ ಬಂದ್ ಮಾಡು" ಎಂದಳು. "ಅಜ್ಜಿಗೆ ಥಂಡಿ ಆಗ್ತದ."

ನಾನು ಹೋಗಿ ಬಂದ್ ಮಾಡಿದೆ.