ಮುನಿಸಿನ ಸೇವೆ

ನನ್ನ ಸೊಸೆ ಲಾಸ್ಯಳಿಗೆ ಫೋನಿನಲ್ಲೊಬ್ಬ ಅಜ್ಜಿ ಸಿಕ್ಕಿದ್ದಳು. ಹೆಸರು ಚೂಡಾಮಣಿ ಅಜ್ಜಿ, ಲಕ್ಷಾಂತರ ಜನಕ್ಕೆ ದಸರಾ ಗೊಂಬೆ ಕೂರಿಸುವುದನ್ನು ಕಲಿಸುವವಳು. ಒಂದು ವಿಡಿಯೊದಲ್ಲಿ ಮೂಗುತಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ. ಮಾತಿನ ನಡುವೆ ಬಳೆಗಳು ತಾವಾಗಿಯೇ ಬಣ್ಣ ಬದಲಿಸುತ್ತಿದ್ದವು.

"ಇದು ಮನುಷ್ಯಳೇ ಅಲ್ಲ ಕಣೇ, ಕಂಪ್ಯೂಟರ್ ಮಾಡಿರೋದು" ಎಂದೆ.

"ನಿಮಗೆ ಎಲ್ಲರ ಮೇಲೂ ಅನುಮಾನ ಅತ್ತೆ" ಎಂದಳು.

ಅಷ್ಟೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಲಾಸ್ಯಳ ಬಳಿ ಅವಳಮ್ಮ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳಿದ್ದವು, ಮರದ ರಾಜ, ಮರದ ರಾಣಿ. ಆ ತಾಯಿ ಈಗಿಲ್ಲ. ಮಾಸಿದ ಗೊಂಬೆಗಳನ್ನು ಹುಣಸೆಹಣ್ಣಿನ ಬಿಸಿನೀರಿನಲ್ಲಿ ನೆನೆಹಾಕಿ, ತಾನು ಮಾರುವ ಪುಡಿಯಿಂದ ತಿಕ್ಕಿದರೆ ಹೊಸದಾಗುತ್ತವೆಂದು ಅಜ್ಜಿ ಹೇಳಿದ್ದಳು. ಅದೇನು ಹಿತ್ತಾಳೆ ಚೊಂಬೇ? ಬಣ್ಣ ಕಿತ್ತುಬಂದು ಮರ ಸೀಳುತ್ತದೆ. ಹೇಳಿದರೆ ಕೇಳಬೇಕಲ್ಲ! ಪುಡಿ ಬರುವುದಷ್ಟೇ ಬಾಕಿ.

ನವರಾತ್ರಿಯಲ್ಲಿ ನಮ್ಮ ಬಡಾವಣೆ ಕೃಷ್ಣಮೂರ್ತಿಪುರಂನ ಹೆಂಗಸರು ಮನೆಮನೆಗೂ ಗೊಂಬೆ ನೋಡಲು ಹೋಗುವವರು. ಯಾರ ಮನೆಯಲ್ಲಿ ಯಾವ ಪದ್ಧತಿ ಎಂಬುದು ನಮಗೆಲ್ಲ ಬಾಯಿಪಾಠ. ಪಕ್ಕದ ಮನೆಯ ಚಂದ್ರಮತಿಯನ್ನು ಕರೆದು, ಸಾರಿಗೆ ಒಗ್ಗರಣೆ ಹಾಕುತ್ತಲೇ ಹೊಸ ಪದ್ಧತಿಯೊಂದನ್ನು ಹುಟ್ಟಿಸಿದೆ: ಮುನಿಸಿನ ಸೇವೆ. ರಾಣಿಯನ್ನು ಗೋಡೆ ಕಡೆ ತಿರುಗಿಸಿಟ್ಟು, ಮನೆಯ ಹೆಂಗಸರೆಲ್ಲ ರಾಜನಿಗೆ ಬೈದು, ಹಾಗಲಕಾಯಿ ಪಾಯಸ ನೈವೇದ್ಯ ಮಾಡುವುದು. ಚಂದ್ರಮತಿ ನಕ್ಕು ನಕ್ಕು ನೆಲಕ್ಕೆ ಕೂತಳು. ಇದನ್ನೆಲ್ಲ ವಿವರಿಸಿ, ಈ ಸೇವೆಯ ಮಹಿಮೆ ತಿಳಿಸಿಕೊಡಿ ಎಂದು ಬೀದಿಯ ಹೆಂಗಸರೆಲ್ಲ ಅಜ್ಜಿಯ ವಿಡಿಯೊ ಕೆಳಗೆ ಬರೆದೆವು.

ಪುಡಿಗಿಂತ ಮೊದಲು ವಿಡಿಯೊ ಬಂತು. ಅಜ್ಜಿಯ ಕಣ್ಣಲ್ಲಿ ನೀರು. "ಮುನಿಸಿನ ಸೇವೆಯಿಲ್ಲದೆ ನಮ್ಮಮ್ಮ ಒಂದು ದಸರಾನೂ ಮಾಡಿದವರಲ್ಲ. ಆ ಪಾಯಸದ ರುಚಿ ಇನ್ನೂ ನಾಲಿಗೆ ಮೇಲಿದೆ!"

ಲಾಸ್ಯ ಫೋನ್ ಹಿಡಿದು ಅಡುಗೆಮನೆಗೆ ಓಡಿಬಂದಳು. "ಅತ್ತೆ, ನಮ್ಮನೇಲಿ ಇದನ್ಯಾಕೆ ಮಾಡಲ್ಲ?"

"ಯಾಕಂದ್ರೆ ಅದನ್ನ ಮೊನ್ನೆ ಈ ಒಲೆ ಮುಂದೆ ನಿಂತು ನಾನೇ ಹುಟ್ಟಾಕಿದ್ದು ಕಣೇ!"

"ಹೂಂ ಕಣಮ್ಮ, ನಾನೇ ಸಾಕ್ಷಿ!" ಎಂದು ಕಾಂಪೌಂಡಿನ ಆಚೆಯಿಂದ ಚಂದ್ರಮತಿ ಕೂಗಿದಳು.

ಲಾಸ್ಯಳ ಮುಖ ಸಣ್ಣದಾಯಿತು. "ಆ ಅಜ್ಜಿ ತನ್ನಮ್ಮನ ಸುದ್ದಿ ಎತ್ತಿದಾಗಲೆಲ್ಲ ನಾನು ಅತ್ತುಬಿಟ್ಟಿದ್ದೀನಿ ಅತ್ತೆ. ಅವಳಿಗೆ ಅಮ್ಮನೇ ಇರಲಿಲ್ವಲ್ಲ!"

ಆಮೇಲೆ ನೋಡಬೇಕಿತ್ತು ಅವಳ ಕೋಪ. ನಡೆದದ್ದನ್ನೆಲ್ಲ ವಿಡಿಯೊ ಕೆಳಗೆ ಬರೆದಳು. ಸಂಜೆಯೊಳಗೆ ಊರಿಗೆ ಊರೇ ಹಾಗಲಕಾಯಿ ಪಾಯಸದ ಚಿತ್ರ ಹಾಕಿ ಅಜ್ಜಿಯ ಮಾನ ಹರಾಜು ಹಾಕಿತು. ಬೆಳಗಾಗುವಷ್ಟರಲ್ಲಿ ಚಾನೆಲ್ಲೇ ನಾಪತ್ತೆ. ಗೆದ್ದೆ! ಚಂದ್ರಮತಿಯ ಮನೆಗೆ ಹೋಗಿ ಎರಡು ಲೋಟ ಕಾಫಿ ಕುಡಿದು ಬಂದೆ.

ಪುಡಿಯ ಪೊಟ್ಟಣ ಬಂದಾಗ ಲಾಸ್ಯ ಬಾಗಿಲಿನಿಂದಲೇ ವಾಪಸು ಕಳಿಸಿದಳು. ಗೊಂಬೆಗಳನ್ನು ತಂದು ನನ್ನ ಮುಂದಿಟ್ಟಳು. ಮೆತ್ತನೆಯ ಒಣಬಟ್ಟೆಯಿಂದ ರಾಜನ ಮುಖ ಒರೆಸಿ ತೋರಿಸಿದೆ. ಅವಳು ರಾಣಿಯನ್ನು ಎತ್ತಿಕೊಂಡು ಒರೆಸುತ್ತಿದ್ದವಳು ಸಟ್ಟನೆ ಕೈ ನಿಲ್ಲಿಸಿದಳು.

"ಅತ್ತೆ, ನಮ್ಮಮ್ಮನೂ ಹಿಂಗೇ ಒರೆಸ್ತಿದ್ರು. ಈಗ ನೆನಪಾಯ್ತು."