ಎತ್ತರದಲ್ಲಿ ಕೂತಲ್ಲೇ ಏದುಸಿರು ಬಂದರೆ

ಬೆಟ್ಟದ ನೆತ್ತಿಯಲ್ಲಿ ರಸ್ತೆ ಕೆಲಸದವರ ತಗಡಿನ ಶೆಡ್ಡು. ಬೆಳಗಾದರೆ ಎಲ್ಲರೂ ಹಿಮ ಸರಿಸಲು ಹೊರಟುಬಿಡುತ್ತಾರೆ. ಉಳಿಯುವವನು ಅಡುಗೆಯವನೊಬ್ಬನೇ. ಬಯಲಿನಿಂದ ಎಲ್ಲೂ ತಂಗದೆ ನೇರ ಮೇಲಕ್ಕೆ ಬಂದವನು. ಮಾತಿಗೆ ಜನವಿಲ್ಲದೆ ಸ್ಟೌವಿನ ಸದ್ದಿಗೇ ಕಿವಿ ಕೊಟ್ಟು ಕೂರುತ್ತಿದ್ದ.

ಮೊದಲು ತಲೆನೋವು, ಆಮೇಲೆ ಕೆಮ್ಮು ಬಂತು. ಈಗ ಸುಮ್ಮನೆ ಕೂತರೂ ಏದುಸಿರು. ಅವನು ಯಾರಿಗೂ ಹೇಳಲಿಲ್ಲ. ಸಂಜೆ ಬರುವವರು ದಣಿದಿರುತ್ತಿದ್ದರು, ಉಂಡು ಮಲಗುತ್ತಿದ್ದರು. ಯಾರೂ ಕೇಳಲೂ ಇಲ್ಲ.

ಅವತ್ತು ಮಧ್ಯಾಹ್ನ ಹೆಂಡತಿಯ ಫೋನು ಬಂತು.

“ಊಟ ಆಯ್ತಾ?”

“ಆಯ್ತು... ಕಣೇ.”

“ಯಾಕ್ರೀ, ಮಾತು ಮಾತಿಗೂ ನಿಲ್ತೀರಿ?”

“ನೆಗಡಿ... ಅಷ್ಟೇ.”

“ನೆಗಡಿಗೆ ಮೂಗು ಕಟ್ಟುತ್ತೆ. ನಿಮ್ಗೆ ಮಾತೇ ಕಟ್ಟಿದೆಯಲ್ಲ. ಪಕ್ಕದಲ್ಲಿ ಯಾರಿದ್ದಾರೆ? ಅವರಿಗೆ ಕೊಡಿ.”

“ಯಾರೂ ಇಲ್ಲ.”

ಹಾಗೆಂದವನ ಕಣ್ಣು ತುಂಬಿ ಬಂತು.

ಅವಳು ಸುಮ್ಮನೆ ಕೂರಲಿಲ್ಲ. ಬೆಟ್ಟದ ಕೆಳಗಿನ ಆಸ್ಪತ್ರೆಯ ನಂಬರು ಹುಡುಕಿ ನರ್ಸಿಗೆ ವಿಷಯ ತಿಳಿಸಿದಳು, ಗಂಡನ ನಂಬರನ್ನೂ ಕೊಟ್ಟಳು. ನರ್ಸ್ ಕೂಡಲೇ ಅವನಿಗೆ ಫೋನ್ ಮಾಡಿದರು.

“ಅಣ್ಣಾ, ಕೆಮ್ಮಿದ್ರೆ ಏನು ಬರ್ತಿದೆ?”

“ನೊರೆ... ಸ್ವಲ್ಪ ಕೆಂಪಗೆ. ಒಂದು ನಿದ್ದೆ ಮಾಡಿದ್ರೆ ಸರಿಹೋಗುತ್ತೆ ಸಿಸ್ಟರ್. ಈಗಲೇ ಕೆಲಸ ಬಿಟ್ಟು ಕೆಳಗಿಳಿದ್ರೆ... ಎಲ್ಲರೂ ಆಡ್ಕೊಂಡು ನಗ್ತಾರೆ.”

“ನಗಲಿ ಬಿಡಿ. ಮಲಗಿದ್ರೆ ಏಳ್ತೀರಿ ಅನ್ನೋ ಗ್ಯಾರಂಟಿ ಇಲ್ಲ. ಅಲ್ಲಿ ಉಸಿರಿಗೆ ಆಮ್ಲಜನಕ ಕಮ್ಮಿ. ಅದಕ್ಕೇ ಶ್ವಾಸಕೋಶದ ರಕ್ತನಾಳ ಬಿಗಿಯುತ್ತೆ. ಅದನ್ನ ಸಡಿಲ ಮಾಡೋಕೆ ನಮ್ಮ ಮೈಯೇ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ತಯಾರಿಸುತ್ತೆ. ಕೆಲವರಿಗೆ ಅದು ಸಾಲದೆ ಹೋಗುತ್ತೆ. ಆಗ ಒತ್ತಡ ಏರಿ ಶ್ವಾಸಕೋಶದೊಳಗೆ ನೀರು ಜಿನುಗುತ್ತೆ.”

“ನಾನು ಗಟ್ಟಿ ಆಳು, ಸಿಸ್ಟರ್.”

“ಗಟ್ಟಿ ಆಳಿಗೂ ಬರುತ್ತೆ.”

“ಮಾತ್ರೆ ಏನಾದ್ರೂ?”

“ಮಾತ್ರೆ ನಂಬ್ಕೊಂಡು ಮೇಲೇ ಕೂರಬೇಡಿ. ಮೊದಲು ಕೆಳಗಿಳೀಬೇಕು. ನಡೀಬೇಡಿ. ಬೆಚ್ಚಗೆ ಹೊದ್ದು ಗೋಡೆಗೆ ಒರಗಿ ಕೂತಿರಿ. ಗಾಡಿಗೆ ಹೇಳಿಕಳಿಸ್ತಿದೀವಿ. ಅದು ಬರೋವರೆಗೂ ನಾನು ಫೋನ್ ಇಡಲ್ಲ.”

ಅವರು ಇಡಲೂ ಇಲ್ಲ. ಅವನ ಊರು, ಮಗಳ ಶಾಲೆ, ಅವತ್ತಿನ ಅಡುಗೆ, ಎಲ್ಲ ಕೇಳಿದರು. ತಡೆತಡೆದಾದರೂ, ಬೆಟ್ಟ ಹತ್ತಿ ಬಂದಮೇಲೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

ಆಸ್ಪತ್ರೆಯವರು ಇನ್ನೊಂದು ಫೋನಿನಿಂದ ಹೇಳಿಕಳಿಸಿದ್ದರಿಂದ, ಹಿಮ ಸರಿಸುವ ಯಂತ್ರದ ಚಾಲಕ ಕೆಲಸ ಬಿಟ್ಟು ಓಡಿ ಬಂದ. ಅಡುಗೆಯವನ ನೀಲಿಗಟ್ಟಿದ ತುಟಿ ನೋಡಿ ಚಾಲಕ ಗಾಬರಿಯಾದ. ಹೊತ್ತುಕೊಂಡು ಜೀಪಿನಲ್ಲಿ ಕೂರಿಸಿದ.

“ಒಂದು ಮಾತು ಹೇಳ್ಬಾರ್ದಾಗಿತ್ತಾ?”

“ಯಾರಿಗೆ... ಹೇಳ್ಲಿ?”

ಚಾಲಕ ಜೀಪು ಕೆಳಗಿಳಿಸಿದ. ದಾರಿಯುದ್ದಕ್ಕೂ ಒಂದು ಕೈಯಿಂದ ಅವನ ಭುಜ ಹಿಡಿದುಕೊಂಡಿದ್ದ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಹೆಂಡತಿ ಬರುವವರೆಗೆ ಅವನು ಬಿಳಿ ಗೋಡೆ ನೋಡುತ್ತಾ ಮಲಗಿದ್ದ. ಅವಳು ಬಂದು ಹಣೆ ಮುಟ್ಟಿದಾಗ, “ಇನ್ನು ಡಾಕ್ಟರನ್ನ ಕೇಳದೆ ಮೇಲೆ ಹೋಗಲ್ಲ. ಹೋದ್ರೂ ನಡುವೆ ತಂಗಿ, ಮೈ ಒಗ್ಗಿಸ್ಕೊಂಡು ನಿಧಾನಕ್ಕೆ ಹೋಗ್ತೀನಿ” ಅಂದ.

“ಏನಾದ್ರೂ ಆದ್ರೆ?”

“ಮುಚ್ಚಿಡಲ್ಲ.”

ಎತ್ತರಕ್ಕೆ ದುಡಿಯಲು ಹೋಗುವ ಅಣ್ಣಂದಿರೇ, ಅಕ್ಕಂದಿರೇ, ಕೂತಲ್ಲೇ ಏದುಸಿರು ಬಂದರೆ ನಾಳೆ ನೋಡೋಣ ಅನ್ನಬೇಡಿ. ಕೂಡಲೇ ಯಾರಿಗಾದರೂ ಹೇಳಿ, ಕೆಳಗಿಳಿಯಿರಿ. ಜೊತೆಗಿರುವವರೇ, ಎಷ್ಟೇ ದಣಿದು ಬಂದರೂ, ದಿನವಿಡೀ ಒಬ್ಬನೇ ಇದ್ದವನ ಪಕ್ಕ ಕೂತು ಕೇಳಿ: “ಉಸಿರು ಹೇಗಿದೆಯಪ್ಪ?”